ಅತ್ತೆ, ನಾನು, ಮುಳುಗುವ ಹಡಗುಗಳು

ಮದುವೆಯಾಗಿ ಎಷ್ಟೋ ವರ್ಷ ಕಳೆದಿದ್ದರೂ ನನ್ನ ಅತ್ತೆ ನನ್ನೆದುರು ಕುರ್ಚಿಯಲ್ಲಿ ಕೂತಿದ್ದನ್ನು ನಾನು ನೋಡಿರಲಿಲ್ಲ. ಅವರು ಹುಬ್ಬಳ್ಳಿಯವರು, ನಾನು ಮೈಸೂರಿನವನು. ಅಳಿಯ ಹಾಲಿಗೆ ಬಂದರೆ ಅತ್ತೆ ಎದ್ದು ಅಡುಗೆಮನೆಗೆ ಹೋಗುವುದು ಅವರ ಮನೆಯ ಪದ್ಧತಿ. ನಾನು "ಕೂತ್ಕೊಳ್ಳಿ ಅತ್ತೆ, ಪರವಾಗಿಲ್ಲ" ಅನ್ನುತ್ತಿದ್ದೆ. ಅವರು "ಇರ್ಲಿ ಬಿಡ್ರಿ" ಅನ್ನುತ್ತಿದ್ದರು. ಆಮೇಲೆ ಇಬ್ಬರಿಗೂ ಮಾತು ತೋಚುತ್ತಿರಲಿಲ್ಲ. "ಊಟ ಆತೇನ್ರಿ?" "ಆಯ್ತು ಅತ್ತೆ, ನಿಮ್ದು?" ಇಷ್ಟರಲ್ಲೇ ನಮ್ಮ ಸಂಬಂಧ ಸುಖವಾಗಿ ನಡೆದುಕೊಂಡು ಹೋಗುತ್ತಿತ್ತು.

ಅಂಥ ಅತ್ತೆ ಒಂದು ಚಳಿಗಾಲ ಪೂರ್ತಿ ಕೆನಡಾದ ವುಡ್‌ಬ್ರಿಡ್ಜಿನ ನಮ್ಮ ಮನೆಯಲ್ಲಿ ಇರಲು ಬಂದರು. ನನ್ನ ಹೆಂಡತಿ ಫಾರ್ಮಸಿಯಲ್ಲಿ ಕೆಲಸ ಮಾಡುತ್ತಾಳೆ, ಶನಿವಾರ ಅವಳಿಗೆ ಶಿಫ್ಟ್ ಇದ್ದೇ ಇರುತ್ತದೆ. ಮಗಳಿಗೆ ಆಗ ತಾನೇ ಹದಿಮೂರು ತುಂಬಿತ್ತು, ಅಂದರೆ ಅವಳ ರೂಮಿನ ಬಾಗಿಲು ಸದಾ ಮುಚ್ಚಿರುತ್ತಿತ್ತು. ಹಾಗಾಗಿ ಹೊರಗೆ ಹಿಮ, ಒಳಗೆ ಅತ್ತೆ ಮತ್ತು ನಾನು. ಮೊದಲ ಶನಿವಾರವನ್ನು ನಾನು ಗ್ಯಾರೇಜ್ ಕ್ಲೀನ್ ಮಾಡುತ್ತ ಕಳೆದೆ. ಎರಡನೆಯ ಶನಿವಾರ ಕ್ಲೀನ್ ಆಗಿದ್ದ ಗ್ಯಾರೇಜನ್ನೇ ಮತ್ತೆ ಕ್ಲೀನ್ ಮಾಡಿದೆ.

ಪಕ್ಕದ ಮನೆಯ ಇಟಾಲಿಯನ್ ಅಜ್ಜ ಮನೆ ಮಾರಿ ಕಾಂಡೋ ಫ್ಲ್ಯಾಟಿಗೆ ಹೋಗುವ ತಯಾರಿಯಲ್ಲಿದ್ದ. ಬೇಡದ ಸಾಮಾನನ್ನೆಲ್ಲ ದಿನಾ ಒಂದಿಷ್ಟು ರಸ್ತೆ ಬದಿಗೆ ತಂದಿಡುತ್ತಿದ್ದ, ಬೇಕಾದವರು ಎತ್ತಿಕೊಂಡು ಹೋಗಲಿ ಅಂತ. ಹೀಗೆ ಒಂದು ದಿನ ಒಂದು ರಟ್ಟಿನ ಡಬ್ಬದ ತುಂಬ ಡಿವಿಡಿಗಳಿದ್ದವು. ಹಿಮ ಬಿದ್ದು ನೆನೆಯುತ್ತಲ್ಲ ಅಂತ ಅದನ್ನು ಎತ್ತಿಕೊಂಡು ಬಂದು ಬೇಸ್‌ಮೆಂಟಿನಲ್ಲಿ ತೆರೆದರೆ ಎಲ್ಲವೂ ಒಂದೇ ಜಾತಿಯ ಹಳೇ ಹಾಲಿವುಡ್ ಸಿನಿಮಾಗಳು. ಹಡಗು ಮುಳುಗುವುದು, ಕಟ್ಟಡಕ್ಕೆ ಬೆಂಕಿ ಬೀಳುವುದು, ಭೂಮಿ ಬಿರಿಯುವುದು, ಅಣೆಕಟ್ಟು ಒಡೆಯುವುದು. ಕವರುಗಳೂ ಒಂದೇ ನಮೂನೆ. ಮೇಲೆ ದೊಡ್ಡದಾಗಿ ಬೆಂಕಿ ಅಥವಾ ಅಲೆ, ಕೆಳಗೆ ಸಾಲಾಗಿ ಪಾಸ್‌ಪೋರ್ಟ್ ಫೋಟೋದಂಥ ಚೌಕಗಳಲ್ಲಿ ನಟನಟಿಯರ ಮುಖಗಳು. ಎಲ್ಲರೂ ಒಂದೇ ಕಡೆ ದಿಗಿಲಿನಿಂದ ನೋಡುತ್ತಿದ್ದಾರೆ.

ನನಗೆ ಎಷ್ಟು ಖುಷಿಯಾಯಿತೆಂದರೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ನಾನು ಚಿಕ್ಕವನಿದ್ದಾಗ ಮೈಸೂರಿನಲ್ಲಿ ಭಾನುವಾರ ಬೆಳಗಿನ ಆಟಕ್ಕೆ ಇಂಗ್ಲಿಷ್ ಸಿನಿಮಾ ಹಾಕುತ್ತಿದ್ದರು. ಚಿಕ್ಕಪ್ಪ ನನ್ನನ್ನು ಸೈಕಲ್ಲಿನ ಮುಂದಿನ ಬಾರಿನ ಮೇಲೆ ಕೂರಿಸಿಕೊಂಡು ಕರೆದುಕೊಂಡು ಹೋಗುತ್ತಿದ್ದರು. ಅವರಿಗೂ ಇಂಗ್ಲಿಷ್ ಅಷ್ಟಕ್ಕಷ್ಟೇ, ನನಗಂತೂ ಸೊನ್ನೆ. ಬೇರೆ ಇಂಗ್ಲಿಷ್ ಸಿನಿಮಾಗಳಲ್ಲಿ ಜನ ಬರೀ ಮಾತಾಡುತ್ತಿದ್ದರು, ಮಧ್ಯೆ ಒಮ್ಮೆ ಬಾಗಿಲು ಹಾಕುತ್ತಿದ್ದರು, ಮತ್ತೆ ಮಾತಾಡುತ್ತಿದ್ದರು. ಇವುಗಳಲ್ಲಿ ಹಾಗಲ್ಲ. ನೀರು ಬರುತ್ತೆ, ಓಡಬೇಕು. ಅದಕ್ಕೆ ಇಂಗ್ಲಿಷ್ ಯಾಕೆ ಬೇಕು? ಆಟಿಕೆಯ ರೈಲು ಆಟಿಕೆಯ ಸೇತುವೆಯಿಂದ ಬೀಳುವಾಗ ಗಾಂಧಿ ಕ್ಲಾಸಿನವರು ಹೊಡೆಯುತ್ತಿದ್ದ ಶಿಳ್ಳೆ ಇನ್ನೂ ನನ್ನ ಕಿವಿಯಲ್ಲಿದೆ. ಅದು ಆಟಿಕೆ ಅಂತ ಅವರಿಗೆ ಗೊತ್ತಿಲ್ಲದೆ ಇರಲಿಲ್ಲ. ಗೊತ್ತಿದ್ದೇ ಹೊಡೆಯುತ್ತಿದ್ದರು.

ಮುಂದಿನ ಶನಿವಾರ ಮಧ್ಯಾಹ್ನ ಬೇಸ್‌ಮೆಂಟಿನಲ್ಲಿ ಒಬ್ಬನೇ ಕೂತು ಒಂದು ಹಾಕಿದೆ. ಬೆಂಕಿ ಬೀಳುವ ಹೋಟೆಲಿನ ಕತೆ. ಅತ್ತೆ ಚಹಾ ತಂದವರು ಲೋಟ ನನ್ನ ಪಕ್ಕ ಇಟ್ಟು, ಮೂರ್ನಾಲ್ಕು ಮೆಟ್ಟಿಲು ಹತ್ತಿ, ಅಲ್ಲೇ ನಿಂತರು.

"ಏನ್ ನೋಡಾಕತ್ತೀರಿ?"

"ಹಳೇ ಸಿನಿಮಾ ಅತ್ತೆ. ಹೋಟೆಲಿಗೆ ಬೆಂಕಿ ಬೀಳುತ್ತೆ."

"ಅಯ್ಯ ಶಿವನ. ಯಾವಾಗ?"

"ಇನ್ನೂ ಅರ್ಧ ಗಂಟೆ ಇದೆ."

ಅವರು ಕಂಬಿ ಹಿಡಿದು ನಿಂತೇ ನೋಡಿದರು. ಪರದೆಯ ಮೇಲೆ ಬಿಳಿ ಮೀಸೆಯ ಒಬ್ಬ ಲಿಫ್ಟ್ ಆಪರೇಟರ್ ತನ್ನ ಗೆಳೆಯನಿಗೆ ನಗುನಗುತ್ತ ಏನೋ ಹೇಳುತ್ತಿದ್ದ. ಅತ್ತೆ ಒಂದು ನಿಟ್ಟುಸಿರು ಬಿಟ್ಟರು. "ಈ ಮನಷ್ಯಾ ಸಾಯ್ತಾನ ನೋಡ್ರಿ."

"ಹೇಗೆ ಹೇಳ್ತೀರಿ ಅತ್ತೆ?"

"ಮುಂದಿನ ತಿಂಗಳ ರಿಟೈರ್ ಆಗ್ತೀನಿ ಅಂದ್ನಲ್ಲ. ಹಂಗ ಅನಬಾರ್ದಿತ್ತು."

ನಮ್ಮ ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಕೆಲಸಕ್ಕೆ ಬೇಕಾದಷ್ಟು ಇಂಗ್ಲಿಷ್ ಅವರಿಗೆ ಗೊತ್ತು, ಮಾತಾಡಲು ಮಾತ್ರ ನಾಚಿಕೆ. ಇದು ಆ ಕ್ಷಣದಲ್ಲಿ ನನಗೆ ನೆನಪೇ ಇರಲಿಲ್ಲ. ಆ ಮೀಸೆಯವನು ಸತ್ತ, ಅದೂ ಬೆಂಕಿ ಹತ್ತಿದ ಸ್ವಲ್ಪ ಹೊತ್ತಿಗೇ. ಅತ್ತೆ ಮೂರು ಮೆಟ್ಟಿಲು ಇಳಿದು ಬಂದರು. ಒಂದು ಅಜ್ಜಿಯ ಮುತ್ತಿನ ಸರ ತೋರಿಸಿ "ಈಕೀನೂ ಹೋಗ್ತಾಳ" ಅಂದರು. ಹೋದಳು. ಕಟ್ಟಡದ ಕೊನೆಯ ಭಾಗ ಕುಸಿಯುವ ಹೊತ್ತಿಗೆ ಅತ್ತೆ ನನ್ನ ಪಕ್ಕದ ಮಡಚುವ ಕುರ್ಚಿಯ ಮೇಲೆ, ತುದಿಯಲ್ಲಿ, ಮೊಣಕಾಲ ಮೇಲೆ ಕೈಯಿಟ್ಟು ಕೂತಿದ್ದರು. ತಾವು ಕೂತಿದ್ದು ಅವರ ಗಮನಕ್ಕೆ ಬಂದಿರಲಿಲ್ಲ. ನಾನೂ ಹೇಳಲಿಲ್ಲ.

ಅಲ್ಲಿಂದ ಪ್ರತಿ ಶನಿವಾರ ಊಟವಾದ ಮೇಲೆ ಒಂದು ದುರಂತ. ನಿಯಮಗಳು ತಾವಾಗಿಯೇ ಹುಟ್ಟಿಕೊಂಡವು. ಅನಾಹುತ ಶುರುವಾಗುವ ಮುಂಚೆಯೇ ಯಾರು ಉಳಿಯುತ್ತಾರೆ ಅಂತ ಹೇಳಿಬಿಡಬೇಕು. ಸೋತವರು ಚಹಾ ಮಾಡಬೇಕು. ನಾನು ಆ ಚಳಿಗಾಲದಲ್ಲಿ ಚಹಾ ಮಾಡುವುದನ್ನು ಚೆನ್ನಾಗಿ ಕಲಿತೆ. ಶುಂಠಿ ಎಷ್ಟು ಜಜ್ಜಬೇಕು ಅನ್ನುವುದನ್ನು ಅತ್ತೆ ಬೇಸ್‌ಮೆಂಟಿನಿಂದಲೇ ಕೂಗಿ ಹೇಳುತ್ತಿದ್ದರು. ಅಳಿಯನ ಕೈಯಲ್ಲಿ ಚಹಾ ಮಾಡಿಸಿಕೊಂಡು ಕುಡಿದಿದ್ದನ್ನು ಊರಿನಲ್ಲಿ ಯಾರಿಗೂ ಹೇಳಬೇಡ ಅಂತ ನನ್ನ ಹೆಂಡತಿಗೆ ತಾಕೀತು ಮಾಡಿದ್ದರಂತೆ.

ನನ್ನದೊಂದು ತೊಂದರೆ ಇತ್ತು. ನನ್ನ ಕೆಲಸ ಗೋದಾಮುಗಳಿಗೆ ಸ್ಪ್ರಿಂಕ್ಲರ್ ಡಿಸೈನ್ ಮಾಡುವುದು. ಬೋಲ್ಟನ್ ಕಡೆ ಹೈವೇ ಪಕ್ಕ ನಿಂತಿರುವ ಆ ದೈತ್ಯ ವೇರ್‌ಹೌಸುಗಳ ಚಾವಣಿಯಲ್ಲಿ ಕೆಂಪು ಪೈಪುಗಳು ಓಡಾಡುತ್ತವಲ್ಲ, ಬೆಂಕಿ ಬಿದ್ದರೆ ತಾನಾಗಿ ನೀರು ಸುರಿಯುವ ಪೈಪುಗಳು, ಅವುಗಳ ಲೆಕ್ಕಾಚಾರ ನನ್ನದು. ಹಾಗಾಗಿ ಬೆಂಕಿಯ ಸಿನಿಮಾ ಬಂದರೆ ನನಗೆ ಬಾಯಿ ಮುಚ್ಚಿ ಕೂರಲು ಆಗುತ್ತಿರಲಿಲ್ಲ. "ಆ ಬಾಗಿಲು ಹೊರಗಡೆಗೆ ತೆರೀಬೇಕು ಅತ್ತೆ. ಅಲ್ಲಿ ನೋಡಿ, ಮೆಟ್ಟಿಲ ಹತ್ರ ಪೇಂಟ್ ಡಬ್ಬ ಇಟ್ಟಿದಾರೆ. ಇಷ್ಟು ದೊಡ್ಡ ಹೋಟೆಲಲ್ಲಿ ಒಂದು ಸ್ಪ್ರಿಂಕ್ಲರ್ ಹೆಡ್ ಇಲ್ಲ ಅಂದ್ರೆ ಏನರ್ಥ?"

ಅತ್ತೆ ಪರದೆಯಿಂದ ಕಣ್ಣು ಕೀಳದೆ ಹೇಳಿದರು. "ನೀವ್ ಅಲ್ಲಿ ಇದ್ದಿದ್ರ ಸಿನಿಮಾನ ಆಗ್ತಿರಲಿಲ್ಲ ಬಿಡ್ರಿ. ಹತ್ತ ಮಿನಿಟಿನ್ಯಾಗ ಎಲ್ಲಾರೂ ಮನಿಗೆ ಹೋಗ್ತಿದ್ರು."

ಅವತ್ತು ನಾವಿಬ್ಬರೂ ನಕ್ಕಿದ್ದು ಮೇಲಿನ ರೂಮಿನವರೆಗೆ ಕೇಳಿಸಿರಬೇಕು. ಮಗಳು ಇಳಿದು ಬಂದು ಬಾಗಿಲಲ್ಲಿ ನಿಂತು, "ವಾಟ್ ಆರ್ ಯು ಗೈಸ್ ಡೂಯಿಂಗ್?" ಅಂದಳು. ಪರದೆಯ ಮೇಲೆ ಹೋಟೆಲಿನ ಬೆಂಕಿ ಸಾಲದೆಂಬಂತೆ ಪ್ರವಾಹವೂ ಬಂದಿತ್ತು. ಆ ಪ್ರವಾಹ ಯಾರದೋ ಬಾತ್‌ಟಬ್ಬಿನಲ್ಲಿ ಬಂದಿದ್ದು ಅಂತ ಹನಿಗಳ ಗಾತ್ರ ನೋಡಿದರೇ ಗೊತ್ತಾಗುತ್ತಿತ್ತು. ಒಂದೊಂದು ಹನಿ ಒಂದೊಂದು ಕಾರಿನಷ್ಟಿತ್ತು. "ದಿಸ್ ಈಸ್ ಸೋ ಬ್ಯಾಡ್," ಅಂದಳು ಮಗಳು, ಮತ್ತು ಕೂತಳು. ಮುಂದಿನ ವಾರ ಅವಳೇ ಪಾಪ್‌ಕಾರ್ನ್ ಮಾಡಿಕೊಂಡು ಬಂದಳು. ಅದಕ್ಕೆ ಅಜ್ಜಿ ಶೇಂಗಾ ಚಟ್ನಿಪುಡಿ ಉದುರಿಸಿದರು.

ಆ ಸಿನಿಮಾಗಳಲ್ಲಿ ಏನಿತ್ತು ಅಂತ ಹೆಂಡತಿ ಕೇಳಿದರೆ ಮೂವರಿಗೂ ಹೇಳಲು ಬರುತ್ತಿರಲಿಲ್ಲ. ಹತ್ತಿಯ ಹಿಮ, ದಾರ ಕಾಣುವ ವಿಮಾನ, ಅಲುಗಾಡುವುದು ಭೂಮಿಯಲ್ಲ ಕ್ಯಾಮರಾ ಅಂತ ಸ್ಪಷ್ಟವಾಗಿ ತಿಳಿಯುವ ಭೂಕಂಪ. ಎಚ್ಚರಿಕೆ ಕೊಟ್ಟ ವಿಜ್ಞಾನಿಯನ್ನು ನಂಬದ ಮೇಯರು. ಜಗಳವಾಡಿ ಬೇರೆಯಾದ ಗಂಡಹೆಂಡತಿ, ಅವರನ್ನು ಒಂದು ಮಾಡಲೆಂದೇ ಬರುವ ಬಿರುಗಾಳಿ. "ಕೂದ್ಲಾ ನೋಡ್ರಿ," ಅನ್ನುತ್ತಿದ್ದರು ಅತ್ತೆ. "ಭೂಮಿ ಬಾಯಿ ಬಿಟ್ಟೈತಿ, ಈಕಿ ತಲಿ ಮಾತ್ರ ಈಗ ಬಾಚಿದ್ಹಂಗ ಐತಿ." ಬಿದ್ದ ಕಲ್ಲೊಂದು ಪುಟಿದು ಮತ್ತೆ ಮೇಲೆ ಹಾರಿದಾಗ ಮಗಳು ಅದನ್ನು ನಾಲ್ಕು ಸಲ ಹಿಂದಕ್ಕೆ ಓಡಿಸಿ ತೋರಿಸಿದಳು. ಥರ್ಮೋಕೋಲ್ ಕಲ್ಲು. ನಾಲ್ಕು ಸಲವೂ ನಕ್ಕೆವು.

ಅಣೆಕಟ್ಟು ಒಡೆಯುವ ಸಿನಿಮಾ ನೋಡಿದ ದಿನ ಮಾತ್ರ ಅತ್ತೆ ನಗಲಿಲ್ಲ. ಆಟ ಮುಗಿದ ಮೇಲೂ ಕೂತೇ ಇದ್ದರು. ಮಗಳು ಮೇಲೆ ಹೋಗಿದ್ದಳು. ನಾನು ಟಿವಿ ಆರಿಸಿದೆ.

"ನಾ ಇದ್ದ ಊರಾಗೂ ಹಿಂಗ ಒಮ್ಮೆ ಆಗಿತ್ತು," ಅಂದರು. "ಆಗಿತ್ತು ಅಂದ್ರ, ಆಗಿರಲಿಲ್ಲ."

ಹುಬ್ಬಳ್ಳಿಗೆ ಬರುವ ಮುಂಚೆ, ಮದುವೆಗೂ ಮುಂಚೆ, ಅವರಿಗೆ ಒಂದು ಸಣ್ಣ ಊರಿನ ಎಕ್ಸ್‌ಚೇಂಜಿಗೆ ಪೋಸ್ಟಿಂಗ್ ಆಗಿತ್ತಂತೆ. ಮೇಲ್ಗಡೆ ಒಂದು ಡ್ಯಾಮ್. ಮಳೆಗಾಲದ ಒಂದು ಮಧ್ಯಾಹ್ನ ಡ್ಯಾಮ್ ಒಡೆದಿದೆ ಅಂತ ಯಾರೋ ಕೂಗಿದರು. ಇಡೀ ಊರು ಗುಡ್ಡದ ಕಡೆ ಓಡಿತು. ಕೊಡ, ಹಾಸಿಗೆ, ಹೊಲಿಗೆ ಮಷೀನು, ಕೈಗೆ ಸಿಕ್ಕಿದ್ದನ್ನು ಹೊತ್ತುಕೊಂಡು ಜನ ಹೊರಟರು. ಇವರ ಸೂಪರ್‌ವೈಸರ್ ಸ್ಕೂಟರ್ ಹತ್ತಿ, "ನೀನೂ ಬಾರವಾ" ಅಂತ ಕರೆದರು. ಇವರು ಏಳಲಿಲ್ಲ. ಎದುರಿಗೆ, ಲೈನು ಜೋಡಿಸುವ ಬೋರ್ಡಿನಲ್ಲಿ ಎಲ್ಲ ದೀಪಗಳೂ ಒಟ್ಟಿಗೆ ಹತ್ತಿಕೊಂಡಿದ್ದವು. ಸುತ್ತಲಿನ ಊರುಗಳಿಂದ ಎಲ್ಲರೂ ಒಂದೇ ಸಲ ಕಾಲ್ ಮಾಡುತ್ತಿದ್ದರು.

"ನೀವು ಅಲ್ಲೇ ಉಳಿದುಕೊಂಡ್ರಾ? ಎಷ್ಟು ಧೈರ್ಯ ಅತ್ತೆ!"

"ಧೈರ್ಯ ಎಲ್ಲಿಂದ ಬರಬೇಕ್ರಿ. ಕಾಲಾಗ ಶಕ್ತೀನ ಇರಲಿಲ್ಲ. ಏಳಾಕ ಬರಲಿಲ್ಲ, ಅದಕ್ಕ ಕೈ ಕೆಲಸ ಮಾಡತಿತ್ತು." ಅವರು ಎರಡೂ ಕೈಯಲ್ಲಿ ಗಾಳಿಯಲ್ಲೇ ಬೋರ್ಡಿನ ವೈರು ಕಿತ್ತು ಚುಚ್ಚುವ ಹಾಗೆ ಮಾಡಿ ತೋರಿಸಿದರು. ಎಷ್ಟು ಚುರುಕಾಗಿ ಮಾಡಿದರೆಂದರೆ ನನಗೆ ಆ ಬೋರ್ಡು ಎದುರಿಗೇ ಕಂಡಂತಾಯಿತು. "ಲೈನ್ ಕೊಟ್ಟ ಮ್ಯಾಲ ಒಂದ್ ಕ್ಷಣ ಕೇಳಬೇಕಾಗ್ತಿತ್ತು, ಸರಿ ಹತ್ತೇತೋ ಇಲ್ಲೋ ಅಂತ. ಎಲ್ಲಾರ್ದೂ ಕೇಳಿದ್ನಿ ಅವತ್ತು. ಸಿನಿಮಾದಾಗ ಸಾಯೂ ಮುಂದ ನಾ ನಿನ್ನ ಪ್ರೀತಿ ಮಾಡತೀನಿ ಅಂತಾರಲ್ರಿ? ಅಲ್ಲಿ ಯಾರೂ ಹಂಗ ಅನ್ನಲಿಲ್ಲ. ಒಬ್ಬಾಂವ ಹೆಂಡ್ತಿಗೆ ಫೋನ್ ಮಾಡಿ, ಹಾಲ ಮುಚ್ಚಿಟ್ಟಿ ಏನ, ಬೆಕ್ಕ ಬರತೈತಿ ಅಂದ. ಆಕಿ, ಮುಚ್ಚೇನಿ, ನೀವ್ ಛತ್ರಿ ಒಯ್ದೀರೇನ ಅಂದ್ಲು. ಅಷ್ಟ. ಆಮ್ಯಾಲ ಇಬ್ರೂ ಸುಮ್ನ ಇದ್ರು. ಫೋನ್ ಇಡಲಿಲ್ಲ. ನನಗ ಆ ಲೈನ್ ಕೀಳಾಕ ಮನಸ ಬರಲಿಲ್ಲ."

ನೀರು ಬರಲೇ ಇಲ್ಲ. ಡ್ಯಾಮಿಗೆ ಏನೂ ಆಗಿರಲಿಲ್ಲ. ಸಂಜೆಯ ಹೊತ್ತಿಗೆ ಊರಿನವರೆಲ್ಲ ಪೆಚ್ಚುಮುಖ ಮಾಡಿಕೊಂಡು ಹೊಲಿಗೆ ಮಷೀನುಗಳನ್ನು ಮತ್ತೆ ಇಳಿಸಿಕೊಂಡು ಬಂದರಂತೆ. ಈ ಕತೆಯನ್ನು ಹೆಂಡತಿಗೆ ಹೇಳಿದಾಗ ಅವಳು ಬೆರಗಾದಳು. "ನಮ್ಮವ್ವ ನನಗೆ ಇದನ್ನ ಯಾವತ್ತೂ ಹೇಳೇ ಇಲ್ಲ!" ಅಂದಳು. ಅವಳ ದನಿಯಲ್ಲಿ ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು.

ಹಿಮ ಕರಗಿ ರಸ್ತೆ ಕಾಣಲು ಶುರುವಾದ ಮೇಲೆ, ಒಂದು ಭಾನುವಾರ ಮಿಸ್ಸಿಸಾಗಾದಲ್ಲಿ ಹೆಂಡತಿಯ ಗೆಳತಿಯ ಮನೆಗೆ ಊಟಕ್ಕೆ ಕರೆದಿದ್ದರು. ಎತ್ತರದ ಕಾಂಡೋ ಕಟ್ಟಡ. ಹೆಂಡತಿ ಬೆಳಿಗ್ಗೆಯೇ ಅಡುಗೆಗೆ ಸಹಾಯ ಮಾಡಲು ಹೋಗಿದ್ದಳು. ನಾನು, ಅತ್ತೆ, ಮಗಳು ಆಮೇಲೆ ಹೋದೆವು. ಅತ್ತೆಯ ಕೈಯಲ್ಲಿ ಶೇಂಗಾ ಉಂಡಿಯ ಡಬ್ಬಿ. ಲಿಫ್ಟಿನಲ್ಲಿ ನಮ್ಮ ಜೊತೆ ಇನ್ನಿಬ್ಬರಿದ್ದರು. ಒಬ್ಬರು ಬಿಳಿಯ ಪುಟ್ಟ ನಾಯಿಯನ್ನು ಎತ್ತಿಕೊಂಡಿದ್ದ ವಯಸ್ಸಾದ ಹೆಂಗಸು, ಇನ್ನೊಬ್ಬ ಜಿಮ್ ಬ್ಯಾಗ್ ಹಿಡಿದ, ಬಾಗಿಲಿನಷ್ಟೇ ಅಗಲದ ಹುಡುಗ. ಅರ್ಧ ದಾರಿ ಹೋಗುವಷ್ಟರಲ್ಲಿ ಲಿಫ್ಟು ಧಡ್ ಅಂತ ನಿಂತಿತು. ಲೈಟು ಒಮ್ಮೆ ಆರಿ, ಮಂಕಾಗಿ ಮತ್ತೆ ಹತ್ತಿತು. ಫ್ಯಾನ್ ನಿಂತುಹೋಯಿತು.

"ಅಳಿಯಂದ್ರ, ಶುರು ಆತ ನೋಡ್ರಿ," ಅಂದರು ಅತ್ತೆ. ನನ್ನಾಣೆಗೂ ಅವರ ದನಿಯಲ್ಲಿ ಸಂತೋಷವಿತ್ತು. ನನ್ನ ಕಡೆ ಬಾಗಿ ಮೆಲ್ಲಗೆ, "ನಾಯಿ ಉಳೀತೈತಿ. ಆ ಅಜ್ಜೀದ ಹೇಳಾಕ ಬರಂಗಿಲ್ಲ," ಅಂದರು. ಮಗಳು ಕಿಸಕ್ಕನೆ ನಕ್ಕಳು.

ನಾನು ಎಮರ್ಜೆನ್ಸಿ ಗುಂಡಿ ಒತ್ತಿದೆ. ಸ್ಪೀಕರಿನಲ್ಲಿ ಒಂದು ದನಿ, ಮೆಕ್ಯಾನಿಕ್ ಹೊರಟಿದ್ದಾನೆ, ಸ್ವಲ್ಪ ತಾಳಿ ಅಂತ ಹೇಳಿತು. ಲಿಫ್ಟು ಕೆಳಗೆ ಬೀಳುವುದಿಲ್ಲ, ಅದಕ್ಕೆ ಎಷ್ಟು ಹಗ್ಗ ಇರುತ್ತವೆ, ಎಂಥೆಂಥ ಬ್ರೇಕುಗಳಿರುತ್ತವೆ ಅಂತ ನಾನು ಇಂಗ್ಲಿಷಿನಲ್ಲಿ ಎಲ್ಲರಿಗೂ ವಿವರಿಸಿದೆ. ನನ್ನ ಮಾತು ಮುಗಿಯುವಷ್ಟರಲ್ಲಿ ಜಿಮ್ ಹುಡುಗನ ಮುಖ ಬಿಳಿಚಿಕೊಂಡಿತ್ತು. ಬೀಳುವ ಸಾಧ್ಯತೆಯನ್ನು ಅವನ ತಲೆಗೆ ಹಾಕಿದ್ದೇ ನಾನೋ ಏನೋ. ಅವನು ಕಾಲರ್ ಎಳೆದುಕೊಂಡ, ಎಲ್ಲ ಗುಂಡಿಗಳನ್ನೂ ಒತ್ತಿದ, ಬಾಗಿಲಿನ ಸಂದಿಗೆ ಬೆರಳು ಹಾಕಲು ನೋಡಿದ. ಉಸಿರು ಸಣ್ಣ ಸಣ್ಣಗೆ ಬರುತ್ತಿತ್ತು. ಮಗಳು ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು. ಇದು ಥರ್ಮೋಕೋಲ್ ಅಲ್ಲ ಅಂತ ನನಗೂ ತಿಳಿಯಿತು.

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಲಿಫ್ಟಿನ ನೆಲದ ಮೇಲೆ ಕೂತರು. ಮೊಮ್ಮಗಳಿಗೆ, "ಅವಗ ಕೂಡಾಕ ಹೇಳು. ಕೂತ್ರ ಉಸರ ಬರತೈತಿ," ಅಂದರು.

ನಮ್ಮ ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಆದರೆ ಉತ್ತರ ಯಾವಾಗಲೂ ಇಂಗ್ಲಿಷಿನಲ್ಲೇ. ನಾಲ್ಕು ಜನರ ಎದುರು ಅಜ್ಜಿಯ ಮಾತಿಗೆ ದನಿಯಾಗು ಅಂತ ನಾನು ಕೇಳಿದ್ದರೆ ಓಡಿಹೋಗುತ್ತಿದ್ದಳು. ಇಲ್ಲಿ ಓಡಲು ಜಾಗ ಇರಲಿಲ್ಲ. ಗಂಟಲು ಸರಿಮಾಡಿಕೊಂಡು ಅವನಿಗೆ ಹೇಳಿದಳು. ಅಷ್ಟೆತ್ತರದ ಹುಡುಗ ಗೋಡೆಗೆ ಬೆನ್ನು ಜಾರಿಸಿ ಕೂತ. ಆಮೇಲೆ ನಾಯಿಯ ಅಜ್ಜಿಯೂ ಕೂತರು, ನಾವೂ ಕೂತೆವು.

"ಅವರವ್ವ ಎಲ್ಲಿರ್ತಾಳ ಕೇಳು."

ದೂರದ ಸಡ್ಬರಿ ಊರಿನಲ್ಲಂತೆ.

"ಈ ವಾರ ಫೋನ್ ಮಾಡ್ಯಾನೇನ?"

ಮಗಳು ಕೇಳಿದಳು. ಅವನು ಇಲ್ಲವೆಂದು ತಲೆಯಾಡಿಸಿ ಅರ್ಧ ನಕ್ಕ. ನಾಯಿಯ ಅಜ್ಜಿ ಇಂಗ್ಲಿಷಿನಲ್ಲಿ, ಯಾರೂ ಮಾಡಲ್ಲ ಬಿಡು, ಅಂದರು. ಅತ್ತೆ ಡಬ್ಬಿ ತೆರೆದು ಅವನಿಗೊಂದು, ಅಜ್ಜಿಗೊಂದು ಉಂಡಿ ಕೊಟ್ಟರು. ಶೇಂಗಾ ಅಲರ್ಜಿ ಇದೆಯಾ ಅಂತ ಮಗಳು ಮೊದಲು ಕೇಳಿದಳು, ಕೆನಡಾದಲ್ಲಿ ಹುಟ್ಟಿದವಳು.

ಅವನನ್ನು ಹಾಗೇ ಬಿಟ್ಟರೆ ಮತ್ತೆ ಹೆದರುತ್ತಾನೆ ಅಂತ ಅತ್ತೆಗೆ ಅನಿಸಿರಬೇಕು, ಒಂದು ಸಿನಿಮಾದ ಕತೆ ಹೇಳಲು ಶುರುಮಾಡಿದರು. ನಮ್ಮ ಡಬ್ಬದಲ್ಲಿದ್ದ ಅಷ್ಟೊಂದು ಕತೆಗಳಲ್ಲಿ ಅವರು ಆರಿಸಿಕೊಂಡಿದ್ದು ಬೆಟ್ಟದ ಮೇಲೆ ಹಗ್ಗಕ್ಕೆ ತೂಗುವ ಕೇಬಲ್ ಕಾರಿನ ಕತೆ. ಮದುವೆಯ ದಿಬ್ಬಣ ಅದರಲ್ಲಿ ಹತ್ತುತ್ತದೆ, ಕಣಿವೆಯ ನಡುವೆ ಅದು ಕೆಟ್ಟು ನಿಲ್ಲುತ್ತದೆ. "ಅತ್ತೆ, ಅದು ಬೇಡ," ಅಂದೆ ನಾನು. ಅವರು ಕೇಳಲಿಲ್ಲ. ಕತೆಗೆ ಬೇಕಾದ ಕಡೆ ಕೈ ಎತ್ತಿ ತೂಗಿ ತೋರಿಸಿದರು. ಮಗಳು ಒಂದೊಂದೇ ವಾಕ್ಯ ಇಂಗ್ಲಿಷಿಗೆ ತಿರುಗಿಸುತ್ತ ಹೋದಳು.

"ಆಮ್ಯಾಲ ಹಗ್ಗದ ಒಂದ ಎಳಿ ಹರೀತು," ಅಂದರು ಅತ್ತೆ.

ಮಗಳು ಆ ಹುಡುಗನ ಕಡೆ ತಿರುಗಿ, ಆಗ ಅವರಿಗೆ ದೂರದಲ್ಲಿ ಹೆಲಿಕಾಪ್ಟರ್ ಕಾಣಿಸಿತು ಅಂತ ಇಂಗ್ಲಿಷಿನಲ್ಲಿ ಹೇಳಿದಳು.

ಅಲ್ಲಿಂದ ಮುಂದೆ ಎರಡು ಸಿನಿಮಾಗಳು ಒಟ್ಟಿಗೆ ನಡೆದವು. ಕನ್ನಡದಲ್ಲಿ ಮದುಮಗನ ಅಪ್ಪ ಕಣಿವೆಗೆ ಬಿದ್ದ, ಇಂಗ್ಲಿಷಿನಲ್ಲಿ ಅವನಿಗೆ ಸೊಸೆ ಇಷ್ಟವಾದಳು. ಕನ್ನಡದಲ್ಲಿ ಅಡುಗೆಯವನು ಹೋದ, ಇಂಗ್ಲಿಷಿನಲ್ಲಿ ಎಲ್ಲರೂ ಕೇಕ್ ತಿಂದರು. ನನಗೆ ನಗು ತಡೆಯಲಾಗದೆ ಮುಖ ತಿರುಗಿಸಿ ಗೋಡೆ ನೋಡಿದೆ. ಹುಡುಗನ ಉಸಿರು ಸಮಕ್ಕೆ ಬಂತು. ಮದುವೆ ಕೊನೆಗೆ ಆಯಿತಾ ಅಂತ ಅವನೇ ಕೇಳಿದ. ಅಷ್ಟರಲ್ಲಿ ಲಿಫ್ಟು ಒಮ್ಮೆ ಜಗ್ಗಿ, ಮೆಲ್ಲಗೆ ಕೆಳಗಿನ ಮಹಡಿಗೆ ಇಳಿದು, ಬಾಗಿಲು ತೆರೆಯಿತು. ಹೊರಗೆ ಒಬ್ಬ ಮೆಕ್ಯಾನಿಕ್, ಒಂದು ಕೈಯಲ್ಲಿ ಬೀಗದ ಕೈ, ಇನ್ನೊಂದರಲ್ಲಿ ಕಾಫಿ. "ಆಲ್ ಗುಡ್?" ಅಂದ.

ಅತ್ತೆ ಆ ಕಡೆ ಈ ಕಡೆ ನೋಡಿದರು. ಏಣಿ ಇಲ್ಲ, ಸೈರನ್ ಇಲ್ಲ, ಅಳುವವರಿಲ್ಲ. "ಇಷ್ಟ ಏನ್ರಿ?" ಅಂದರು ನನಗೆ.

ಜಿಮ್ ಹುಡುಗ ಬ್ಯಾಗ್ ಹೆಗಲಿಗೇರಿಸಿ ಅತ್ತೆಯ ಎದುರು ನಿಂತು ಕೈಮುಗಿದ. ಯಾರು ಕಲಿಸಿದ್ದರೋ. ಕಾರಿಡಾರಿನಲ್ಲಿ ನಡೆದು ಹೋಗುತ್ತಲೇ ಫೋನ್ ಕಿವಿಗಿಟ್ಟು "ಹೇ ಮಾಮ್" ಅಂದಿದ್ದು ನಮಗೆಲ್ಲ ಕೇಳಿಸಿತು. ನಾವು ಉಳಿದ ಮಹಡಿಗಳನ್ನು ಮೆಟ್ಟಿಲಲ್ಲೇ ಹತ್ತಿದೆವು. ಮಗಳು ಮುಂದೆ ಓಡಿದ್ದಳು. ಅತ್ತೆ ಒಂದು ತಿರುವಿನಲ್ಲಿ ದಣಿವಾರಿಸಿಕೊಳ್ಳಲು ನಿಂತು ನನಗೆ ಹೇಳಿದರು. "ನನಗ ಅಷ್ಟರ ಇಂಗ್ಲಿಷ್ ತಿಳಿತೈತ್ರಿ. ನಿಮ್ಮ ಮಗಳ ಎಲ್ಲಾರ್ನೂ ಉಳಿಸಿಬಿಟ್ಲು."

ಅವರು ಊರಿಗೆ ಹೋದ ಮೇಲೆ ಬೇಸ್‌ಮೆಂಟು ಬಿಕೋ ಅಂದಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಬೇಸಿಗೆ ಬಂದಿತ್ತು, ಮಗಳಿಗೆ ಸಾಕರ್, ನನಗೆ ಹುಲ್ಲು ಕತ್ತರಿಸುವ ಕೆಲಸ. ಆದರೆ ಮೊನ್ನೆ ಅತ್ತೆ ತಾವಾಗಿಯೇ ನನ್ನ ಫೋನಿಗೆ ವಿಡಿಯೋ ಕಾಲ್ ಮಾಡಿದರು. ಇದು ಹಿಂದೆಂದೂ ಆಗದ ವಿಷಯ. ಅವರ ಮಗ ಟಿವಿಯಲ್ಲಿ ಹೊಸದೊಂದು ಸಿನಿಮಾ ಹಾಕಿಕೊಟ್ಟಿದ್ದನಂತೆ, ಸುನಾಮಿಯದು, ಎಲ್ಲ ಕಂಪ್ಯೂಟರಿನಲ್ಲಿ ಮಾಡಿದ್ದು.

"ಚಲೋ ಇತ್ತಾ ಅತ್ತೆ?"

"ಬ್ಯಾಡ್ರಿ. ಎಲ್ಲಾ ಖರೇನ ಆದಂಗ ಕಾಣ್ತೈತಿ. ಮಂದಿ ಖರೇನ ಮುಳುಗಿದಂಗ. ನನಗ ಊಟ ಸೇರಲಿಲ್ಲ, ಬಂದ್ ಮಾಡಿಸಿದ್ನಿ. ಸುಳ್ಳ ಅಂತ ಗೊತ್ತಾಗೂ ಹಂಗ ಮಾಡಿದ್ರ ಇವರ ಗಂಟೇನ ಹೋಗ್ತೈತಿ?"

ನಾನು ಹೌದು ಅಂದೆ. ಹಳೇ ಸಿನಿಮಾದಲ್ಲಿ ಸತ್ತವನು ಕ್ಯಾಮರಾ ಆಚೆ ಹೋದ ಮೇಲೆ ಎದ್ದು ಬಟ್ಟೆ ಕೊಡವಿಕೊಂಡು ಚಹಾ ಕುಡಿದಿರುತ್ತಾನೆ ಅಂತ ನಮಗೆ ಗೊತ್ತಿರುತ್ತದೆ, ಅದಕ್ಕೇ ಧೈರ್ಯವಾಗಿ ನೋಡುತ್ತೇವೆ ಅಂದೆ. ಅದು ಅವರಿಗೆ ಒಪ್ಪಿಗೆಯಾಯಿತು. ಅಲ್ಲಿಂದ ಮಾತು ನನ್ನ ಆಫೀಸಿಗೆ, ಅವರ ಮೊಣಕಾಲಿಗೆ, ಪಕ್ಕದ ಮನೆಗೆ ಹೊಸದಾಗಿ ಬಂದವರಿಗೆ, ಆಮೇಲೆ ಹುಬ್ಬಳ್ಳಿಯ ಬಿಸಿಲಿಗೆ ಹೋಯಿತು. ಅವರು ಸೋಫಾದಲ್ಲಿ ಕಾಲು ಮಡಚಿ ಆರಾಮಾಗಿ ಕೂತಿದ್ದರು. ನಾನು ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ಈರುಳ್ಳಿ ಹೆಚ್ಚುತ್ತಿದ್ದೆ.

ಹೆಂಡತಿ ಶಿಫ್ಟ್ ಮುಗಿಸಿ ಬಂದು, ಫಾರ್ಮಸಿಯ ಬಿಳಿ ಕೋಟು ಬಿಚ್ಚಿ, ಕೈತೊಳೆದು, ನನ್ನ ಹಿಂದೆ ನಿಂತಳು. ಸ್ವಲ್ಪ ಹೊತ್ತು ಕಾದಳು. ಕೊನೆಗೆ ನನ್ನ ಭುಜ ತಟ್ಟಿ, "ರೀ, ಆಕಿ ನಮ್ಮವ್ವ. ನಾನೂ ಒಂದೆರಡು ಮಾತಾಡಬಹುದಾ?" ಅಂದಳು.